ಕೋರಿಕೆ ಹಾಡಿಗೆ ಅವಕಾಶವಿಲ್ಲ

ಆರ್ಫಾ ಮೂರನೆಯ ಮೊಟ್ಟೆಯನ್ನು ಚಿಪ್ಪುಸಮೇತ ಹಿಸುಕಿ, ಕಾಫಿ ತಿಳಿಯಾಗಲೆಂದು ಪುಡಿಗೆ ಕಲಸುತ್ತಿದ್ದಾಗ ಮೇಲೆ ಆರ್ಗನ್ ಶುರುವಾಯಿತು. ಕೈ ತಾನಾಗಿ ನಿಂತಿತು. ಚರ್ಚಿನ ನೆಲಮಾಳಿಗೆಯ ಅಡುಗೆಮನೆಗೆ ಮೇಲಿನ ಮಾತು ಇಳಿಯುವುದಿಲ್ಲ. ಆರ್ಗನ್ನಿನ ಕೆಳದನಿ ಮಾತ್ರ ತೊಲೆಗಳ ಗುಂಟ ಬಂದು ಕಪಾಟಿನಲ್ಲಿ ಜೋಡಿಸಿಟ್ಟ ಸಾಸರುಗಳನ್ನು ಸಣ್ಣಗೆ ನಡುಗಿಸುತ್ತದೆ.

ನಲವತ್ತು ವರ್ಷಕ್ಕೂ ಮೇಲ್ಪಟ್ಟು ಒಂದು ಭಾನುವಾರವೂ ತಪ್ಪದೆ ಆ ಆರ್ಗನ್ ಬಾರಿಸಿದ ಹುಲ್ಡಾ ಸ್ಟೆನ್ಸ್ರುಡ್ ಈಗ ಅದರ ಮುಂದೆಯೇ ಮುಚ್ಚಿದ ಪೆಟ್ಟಿಗೆಯಲ್ಲಿ ಮಲಗಿದ್ದಳು. ಬಾರಿಸುತ್ತಿದ್ದವರು ಬೇರೆ ಯಾರೋ.

"ಕಾಲೇಜು ಹುಡುಗಿಯಂತೆ," ಎಂದಳು ಲೆನೋರ್, ಬನ್ನುಗಳ ಹೊಟ್ಟೆ ಸೀಳಿ ಬೆಣ್ಣೆ ಸವರುತ್ತ. "ಚೆನ್ನಾಗೇ ಬಾರಿಸ್ತಾಳಲ್ಲ?"

"ಉಸಿರು ಬಿಡೋಕೆ ಜಾಗ ಕೊಡ್ತಿಲ್ಲ," ಎಂದಳು ಆರ್ಫಾ.

ಹುಲ್ಡಾ ಹಾಗಲ್ಲ. ಕೀರ್ತನೆಯ ಒಂದೊಂದು ಸಾಲು ಮುಗಿದಾಗಲೂ ಬೆರಳನ್ನು ಒಂದು ಉಸಿರಿನಷ್ಟು ಹೊತ್ತು ಮೇಲೆತ್ತುತ್ತಿದ್ದಳು. ಅವಳು ಸ್ವರವನ್ನು ನೋಡಿ ಬಾರಿಸಿದವಳಲ್ಲ, ಪದವನ್ನು ನೋಡಿ ಬಾರಿಸಿದವಳು. ಹಾಡುವವರ ಎದೆಯಲ್ಲಿ ಗಾಳಿ ಎಲ್ಲಿ ಮುಗಿಯುತ್ತದೆಂದು ಅವಳಿಗೆ ಗೊತ್ತಿತ್ತು. ಇದನ್ನೆಲ್ಲ ಆರ್ಫಾ ಗಟ್ಟಿಯಾಗಿ ಹೇಳಲಿಲ್ಲ. ಆದರೂ ಲೆನೋರ್ ಚಾಕುವನ್ನು ಕೆಳಗಿಟ್ಟು ಅವಳ ಕಡೆ ತಿರುಗಿದಳು.

"ಹುಲ್ಡಾ ವಿಷ್ಯದಲ್ಲಿ ನೀನು ಬಾಯಿ ತೆಗೆದದ್ದು ಇದೇ ಮೊದಲು ಕಣೇ. ಅದೂ ಅವಳು ಪೆಟ್ಟಿಗೆ ಸೇರಿದ್ಮೇಲೆ."

"ಕಾಲೇಜು ಹುಡುಗಿ ವಿಷ್ಯ ಹೇಳಿದ್ದು ನಾನು," ಎಂದು ಆರ್ಫಾ ಮತ್ತೆ ಮೊಟ್ಟೆ ಕಲಸತೊಡಗಿದಳು.

ಆ ಚರ್ಚಿನಲ್ಲಿ ಸಾವಿನ ಊಟದ ಕೆಲಸ ಹೆಂಗಸರ ಬಳಗಗಳಿಗೆ ತಿಂಗಳ ಸರದಿಯ ಮೇಲೆ ಬರುತ್ತದೆ. ಈ ಸೆಪ್ಟೆಂಬರು ಆರ್ಫಾಳ ಬಳಗದ್ದು. ಸುದ್ದಿ ತಿಳಿದ ದಿನ ಅವಳು ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು, ಇದು ನಿನ್ನ ತಮಾಷೆಯೇ ಎಂದು ದೇವರನ್ನು ಕೇಳಿದ್ದಳು. ಹುಲ್ಡಾ ಎರಡು ದಿನ ತಡೆದಿದ್ದರೆ ಅಕ್ಟೋಬರು. ಬೇರೆ ಬಳಗದ ಪಾಲಿಗೆ ಹೋಗುತ್ತಿತ್ತು. ಕಾಯಿಲೆ ಎಂದು ಹೇಳಿ ಮನೆಯಲ್ಲಿ ಉಳಿಯಬಹುದಾಗಿತ್ತು. ಆದರೆ ಅರವತ್ತೈದು ವರ್ಷ ದೇವರ ಮುಂದೆ ಸುಳ್ಳಾಡದ ಬಾಯಿ ಈಗ ಹುಲ್ಡಾಗಾಗಿ ಯಾಕೆ ಕೆಡಬೇಕು? ಬಡಿಸುವುದು, ತೊಳೆಯುವುದು, ಕಾರುಗಳ ಸಾಲು ಸಮಾಧಿಗೆ ಹೊರಟಾಗ ಹಿಂಬಾಗಿಲಿನಿಂದ ಮನೆಗೆ ಹೋಗುವುದು. ಹಾಗೆಂದು ಗೊತ್ತುಮಾಡಿಕೊಂಡೇ ಬಂದಿದ್ದಳು.

ಮೇಲೆ ಪ್ರಾರ್ಥನೆ ಮುಗಿದ ಕೂಡಲೇ ಪಾದ್ರಿ ತಾವೇ ಮೆಟ್ಟಿಲಿಳಿದು ಬಂದರು. ರಾತ್ರಿಯಿಡೀ ಸುರಿದ ಮಳೆಗೆ ಸಮಾಧಿಗುಂಡಿಯ ಒಂದು ಮಗ್ಗುಲು ಕುಸಿದು ನೀರು ನಿಂತಿದೆಯಂತೆ, ಪಂಪು ಹಚ್ಚಿದ್ದಾರಂತೆ. ಎರಡೂವರೆಗೆ ಮುಂಚೆ ಮಣ್ಣು ಮಾಡುವ ಹಾಗಿಲ್ಲ, ಊಟವೇ ಮೊದಲಾಗಲಿ ಎಂದು ಹೇಳಿ ಹೋದರು. ಲೆನೋರ್ ಬನ್ನಿನ ತಟ್ಟೆಗಳನ್ನು ಎಣಿಸುತ್ತ, ಹುಲ್ಡಾ ಬದುಕಿದ್ದಾಗ ಯಾರನ್ನೂ ಅರ್ಧ ನಿಮಿಷ ಕಾಯಿಸಿದವಳಲ್ಲ, ಈಗ ನೋಡು ಎಂದಳು. ಹೆಂಗಸರು ನಕ್ಕರು. ಆರ್ಫಾ ನಗಲಿಲ್ಲ. ಹುಲ್ಡಾ ಯಾರನ್ನು ಎಷ್ಟು ಹೊತ್ತು ಕಾಯಿಸಿದ್ದಳೆಂದು ಅವಳಿಗೆ ಗೊತ್ತಿತ್ತು.

*

ಸಾವಿರದ ಒಂಬೈನೂರ ನಲವತ್ತಮೂರರ ಬೇಸಿಗೆಯಲ್ಲಿ ಆಸ್ಟರ್ ಬೇ ಊರು ಏಳುತ್ತಿದ್ದದ್ದೂ ಮಲಗುತ್ತಿದ್ದದ್ದೂ ರೇಡಿಯೋದ ಗತಿಯಲ್ಲೇ. ಬ್ಯಾಂಕಿನ ಮಾಳಿಗೆಯ ಮೇಲಿನ ಮೂರು ಕೋಣೆಗಳೇ ಊರಿನ ಸ್ಟೇಷನ್. ಬೆಳಿಗ್ಗೆ ಆರಕ್ಕೆ ಹಾಲಿನ, ಹಂದಿಯ ಪೇಟೆಯ ಸುದ್ದಿ. ಅದರ ಬೆನ್ನಿಗೆ ಹುಲ್ಡಾಳ ಆರ್ಗನ್ನಿನಲ್ಲಿ ಒಂದು ಕೀರ್ತನೆ. ಒಂಬತ್ತಕ್ಕೆ ಸಕ್ಕರೆಯಿಲ್ಲದೆ ಕೇಕು ಮಾಡುವುದನ್ನೂ, ಬಾಣಲೆಯ ಕೊಬ್ಬನ್ನು ಸೋಸಿ ಯುದ್ಧದ ಮದ್ದು ತಯಾರಿಸಲು ಕೊಡುವುದನ್ನೂ ಹೇಳಿಕೊಡುವ ಹೆಂಗಸು. ಹತ್ತೂವರೆಗೆ ಧಾರಾವಾಹಿ, ಅದರ ನಾಯಕಿ ಎರಡು ವರ್ಷದಿಂದ ಮದುವೆಯ ಮುಂಚಿನ ದಿನದಲ್ಲೇ ನಿಂತುಬಿಟ್ಟಿದ್ದಳು. ಹನ್ನೆರಡಕ್ಕೆ ಎಲ್ಲರೂ ಕಾಯುತ್ತಿದ್ದ ಮಧ್ಯಾಹ್ನದ ಮೇಳ: ಮೂವರು ಅಕ್ಕತಂಗಿಯರ ಹಾಡು, ಅಕಾರ್ಡಿಯನ್, ನಾರ್ವೆಯಿಂದ ಬಂದು ನೆಲೆಸಿದ ಆ ಊರಿನವರನ್ನು ಅವರ ಮುಂದೆಯೇ ಗೇಲಿಮಾಡುವ ಒಬ್ಬ ವಿದೂಷಕ, ಸರಿಯುತ್ತರಕ್ಕೆ ಒಂದು ಸಾಬೂನಿನ ಬಹುಮಾನ. ಎರಡಕ್ಕೆ ಸುದ್ದಿ, ಸುದ್ದಿ ಕೇಳಿ ಭಾರವಾದ ಎದೆಗೆ ಸ್ವಲ್ಪ ಹೊತ್ತು ಬರಿಯ ಆರ್ಗನ್. ಸಂಜೆಯಿಂದಾಚೆಗೆ ಶಿಕಾಗೋದ ದೊಡ್ಡ ಮೇಳಗಳು.

ಸ್ಟುಡಿಯೋದ ಗೋಡೆಗೆ ಯುದ್ಧಕಾಲದ ಸರ್ಕಾರಿ ನಿಯಮಗಳ ಒಂದು ಕಾಗದ ಅಂಟಿಸಿದ್ದರು. ಮಳೆ, ಬಿಸಿಲು, ಗಾಳಿಯ ಮಾತು ಎತ್ತಕೂಡದು. ಹಡಗಿನ, ರೈಲಿನ ವೇಳೆ ಹೇಳಕೂಡದು. ಕಳೆದುಹೋದ ನಾಯಿಯನ್ನು ಸಹ ಹುಡುಕಕೂಡದು. ಕೇಳುಗರ ಕೋರಿಕೆಯ ಹಾಡು, ಅದರಲ್ಲೂ ಇಂಥ ಹೊತ್ತಿಗೇ ಬೇಕೆಂಬ ಹಾಡು, ಹಾಕಲೇಕೂಡದು. ಹಾಡಿನಲ್ಲಿ ಶತ್ರು ಶತ್ರುವಿಗೆ ಸಂಕೇತ ಕಳಿಸಬಹುದು. ವಿದೂಷಕ ಒಮ್ಮೆ ಬಾಯಿತಪ್ಪಿ, ನನ್ನ ಕೊಡೆ ತೊಟ್ಟಿಕ್ಕುತ್ತಿದೆ ಎಂದುಬಿಟ್ಟದ್ದಕ್ಕೆ ಪ್ರಸಾರ ಕಡಿದು ಅರ್ಧ ನಿಮಿಷ ಊರೆಲ್ಲ ಬರಿಯ ಗೊರಗೊರ ಸದ್ದು ಕೇಳಿತ್ತು.

ಆ ಜೂನಿನ ಒಂದು ಸಂಜೆ ಐನಾರ್ ಲೊಕ್ಕೆನ್ ಕೆರೆಯಂತೆ ನಿಂತಿದ್ದ ಸರೋವರದ ದಂಡೆಯಲ್ಲಿ ಆರ್ಫಾಳನ್ನು ಮದುವೆಯಾಗುತ್ತೀಯಾ ಎಂದು ಕೇಳಿದ. ನಾವಿಕದಳದ ರಜೆಯಲ್ಲಿ ಅವನಿಗೆ ಉಳಿದದ್ದು ಅದೊಂದೇ ಸಂಜೆ. ಅವಳಿಗೆ ಇಪ್ಪತ್ತೊಂದು. ಯುದ್ಧ ಮುಗಿಯಲಿ ಎಂದಳು. ಅವನು ಬೇಸರಪಟ್ಟುಕೊಳ್ಳಲಿಲ್ಲ, ಬೇಸರಪಟ್ಟರೂ ತೋರಿಸಿಕೊಳ್ಳುವ ಜನವಲ್ಲ ಅವರು. ತನ್ನ ರೈಲು ನಾಳೆ ಹನ್ನೆರಡು ಇಪ್ಪತ್ತಕ್ಕೆ ಕ್ಲಾರೆನ್ಸ್ ಜಂಕ್ಷನ್ನಿನಲ್ಲಿ ಎಂಜಿನ್ನಿಗೆ ನೀರು ತುಂಬಲು ಇಪ್ಪತ್ತೈದು ನಿಮಿಷ ನಿಲ್ಲುತ್ತದೆ, ಅಲ್ಲಿಯ ಹೆಂಗಸರು ಪ್ಲಾಟ್‌ಫಾರಮ್ಮಿನಲ್ಲಿ ಸಿಪಾಯಿಗಳಿಗೆ ಕಾಫಿ ಕೊಡುತ್ತಾರೆ, ಧ್ವನಿವರ್ಧಕದಲ್ಲಿ ನಮ್ಮೂರ ರೇಡಿಯೋ ಹಾಕಿರುತ್ತಾರೆ ಎಂದ. ಹೇಳಬಾರದ ಮಾತು, ಹೇಳಿದ. ಆಮೇಲೆ ನಗುತ್ತ ಇನ್ನೊಂದು ಸೇರಿಸಿದ.

"ರಾತ್ರಿ ಮನಸ್ಸು ಬದಲಾಯ್ಸಿದ್ರೆ ಅದರಲ್ಲಿ ನಮ್ಮ ದೋಣಿ ವಾಲ್ಟ್ಜ್ ಹಾಕಿಸು. ಒಪ್ಪಿದೆ ಅಂದ್ಕೋತೀನಿ."

ಅದು ಅವನ ಅಪ್ಪ ಪಿಟೀಲಿನಲ್ಲಿ ನುಡಿಸುತ್ತಿದ್ದ ಹಳೆಯ ಕುಣಿತದ ಮಟ್ಟು. ಅವನು ಕತ್ತಲಿರುವಾಗಲೇ ಹಾಲಿನ ಲಾರಿಯಲ್ಲಿ ಬಡಗಣ ಊರಿಗೆ ಹೋಗಿ ರೈಲು ಹಿಡಿಯಬೇಕಿತ್ತು. ಅವಳ ಮನಸ್ಸು ಬದಲಾಯಿಸಲು ರಾತ್ರಿ ಪೂರ್ತಿ ಬೇಕಾಗಲಿಲ್ಲ.

ಬೆಳಿಗ್ಗೆ ಆರೂವರೆಗೆ, ಪೆಟ್ಟಿಗೆ ಕಾರ್ಖಾನೆಯ ಪಾಳಿಗೆ ಹೋಗುವ ಮುಂಚೆ, ಆರ್ಫಾ ಬ್ಯಾಂಕಿನ ಮೆಟ್ಟಿಲುಗಳನ್ನು ಓಡಿ ಹತ್ತಿದಳು. ಹುಲ್ಡಾ ಕೀರ್ತನೆ ಮುಗಿಸಿ ಹಾಳೆ ಜೋಡಿಸುತ್ತಿದ್ದಳು. ಮೂವತ್ತಮೂರರ ಹೆಂಗಸು, ಮೂಳೆ ಬಿಗಿದ ಮುಖ. ಗಾಜಿನ ಆಚೆ ಯಂತ್ರದವನು ಬೆನ್ನು ತಿರುಗಿಸಿ ಕೂತಿದ್ದ. ಆರ್ಫಾ ನಿಂತ ನಿಲುವಿನಲ್ಲಿ ಎಲ್ಲ ಹೇಳಿದಳು: ಐನಾರ್, ಜಂಕ್ಷನ್, ಹನ್ನೆರಡೂವರೆ, ವಾಲ್ಟ್ಜ್.

"ಕೋರಿಕೆ ಹಾಡಿಗೆ ಅವಕಾಶ ಇಲ್ಲ. ಗೋಡೆ ಮೇಲಿದೆ, ಓದು."

"ಒಂದು ಕುಣಿಯೋ ಹಾಡು, ಮಿಸ್ ಸ್ಟೆನ್ಸ್ರುಡ್. ಅದ್ರಲ್ಲಿ ಏನು ಸಂಕೇತ ಇರತ್ತೆ?"

"ಸಂಕೇತ ಇಲ್ದೆ ಇದ್ರೆ ನೀನು ಮೂರು ಮಹಡಿ ಹತ್ತಿ ಬರ್ತಿದ್ಯಾ?"

ಹುಲ್ಡಾ ಹಾಳೆಗಳ ಅಂಚನ್ನು ಕುಟ್ಟಿ ಸರಿಮಾಡಿ, "ಪಾಳಿಗೆ ಹೊತ್ತಾಯ್ತು, ಹೋಗು," ಎಂದಳು. ಆಗುವುದಿಲ್ಲ ಎಂದಿರಲಿಲ್ಲ, ಆಗುತ್ತದೆ ಎಂದೂ ಇರಲಿಲ್ಲ. ಆರ್ಫಾ ಆ ಎರಡರ ನಡುವಿನ ಸಂದಿಯಲ್ಲಿ ಮಧ್ಯಾಹ್ನದವರೆಗೆ ಉಸಿರಾಡಿದಳು.

ಮೊದಲು ಚರ್ಚುಗಳಿಗೆ ಬೆಂಚು ಮಾಡುತ್ತಿದ್ದ ಆ ಕಾರ್ಖಾನೆ ಈಗ ಮದ್ದುಗುಂಡಿನ ಪೆಟ್ಟಿಗೆ ಮಾಡುತ್ತಿತ್ತು. ಪೆಟ್ಟಿಗೆ ಬಿಗಿಯುವ ಹಜಾರದಲ್ಲಿ ಇಡೀ ದಿನ ರೇಡಿಯೋ. ಹನ್ನೆರಡರಿಂದ ಆರ್ಫಾ ಬುತ್ತಿ ಬಿಚ್ಚದೆ ಧ್ವನಿವರ್ಧಕದ ಕೆಳಗೆ ಕೂತಳು. ಅಕ್ಕತಂಗಿಯರು ಎರಡು ಹಾಡು ಹಾಡಿದರು. ವಿದೂಷಕ ತನ್ನ ಹೆಂಡತಿ ಹಸುವಿನ ಜೊತೆ ಮಾತಾಡುವುದನ್ನು ಹೇಳಿದ, ಹಜಾರವೆಲ್ಲ ನಕ್ಕಿತು. ಹನ್ನೆರಡೂವರೆಗೆ ಆರ್ಗನ್ ಎದ್ದಿತು. ಅವಳು ಧ್ವನಿವರ್ಧಕದತ್ತ ತಲೆಯೆತ್ತಿದಳು. ಅದು ಸಾಬೂನಿನ ಜಾಹೀರಾತಿನ ಮಟ್ಟು. ಆಮೇಲೆ ಪ್ರಶ್ನೋತ್ತರ, ಆಮೇಲೆ ಅಕಾರ್ಡಿಯನ್, ಆಮೇಲೆ ಹನ್ನೆರಡು ನಲವತ್ತೈದು. ಕ್ಲಾರೆನ್ಸ್ ಜಂಕ್ಷನ್ನಿನಲ್ಲಿ ರೈಲು ಹೊರಟ ಹೊತ್ತು.

ಆರ್ಫಾ ಎದ್ದು ಮೇಸ್ತ್ರಿಯ ಬಳಿ ಹೋಗಿ ತನ್ನನ್ನು ಗರಗಸದ ಕೋಣೆಗೆ ಹಾಕಿ ಎಂದು ಕೇಳಿಕೊಂಡಳು. ಅಲ್ಲಿ ಕಿವಿಗೆ ಅರಳೆ ತುರುಕಿಕೊಂಡು ನಿಲ್ಲಬೇಕು. ಪಕ್ಕದವರು ಕೂಗಿದರೂ ಕೇಳಿಸದು. ಯುದ್ಧ ಮುಗಿಯುವ ತನಕ ಅವಳು ಅಲ್ಲೇ ಇದ್ದಳು.

ಅಂದು ಸಂಜೆಯೇ ಬರೆದ ಕಾಗದ ಅಕ್ಟೋಬರಿನಲ್ಲಿ, ಬಿಚ್ಚದೆ, ಕೆಂಪು ಮುದ್ರೆಯೊಂದಿಗೆ ವಾಪಸು ಬಂತು. ಐನಾರ್‌ನ ಹಡಗು ಅಷ್ಟರಲ್ಲಿ ಅಟ್ಲಾಂಟಿಕ್ಕಿನಲ್ಲಿ ಮುಳುಗಿ ಎರಡೂವರೆ ತಿಂಗಳಾಗಿತ್ತು.

ಅವಳು ಅಳುತ್ತ ಕೂತ ಹೆಣ್ಣಲ್ಲ. ಹೆರಾಲ್ಡ್ ಬ್ರೆಕ್ಕೆಯನ್ನು ಮದುವೆಯಾದಳು. ಆರ್ಗನ್ ಬೇಡವೆಂದು ಪಾದ್ರಿಯ ಮನೆಯಲ್ಲೇ ಮದುವೆ ಮುಗಿಸಿಕೊಂಡಳು. ಮಕ್ಕಳಾದರು. ಹೆರಾಲ್ಡ್ ಒಳ್ಳೆಯವನು, ಆರು ವರ್ಷದ ಹಿಂದೆ ಒಳ್ಳೆಯವನಾಗಿಯೇ ತೀರಿಕೊಂಡ. ಮನೆಯ ರೇಡಿಯೋದ ಮುಳ್ಳು ಯಾವಾಗಲೂ ಶಿಕಾಗೋದ ಕಡೆಗೆ ನಿಂತಿತ್ತು. ಭಾನುವಾರಗಳಲ್ಲಿ ಹಿಂದಿನಿಂದ ಮೂರನೆಯ ಬೆಂಚಿನಲ್ಲಿ ಕೂತು ಅವಳು ಹುಲ್ಡಾಳ ಬೆನ್ನನ್ನು ನೋಡಿದಳು, ಕೈಯನ್ನು ಕೇಳಿದಳು. ಮೆಟ್ಟಿಲ ಮೇಲೆ ಎದುರಾದರೆ ಹುಲ್ಡಾ ತುಟಿ ಬಿಗಿದು ಸಣ್ಣಗೆ ತಲೆದೂಗುತ್ತಿದ್ದಳು. ಎಂಥ ಜಂಬ ಎಂದುಕೊಂಡು ಆರ್ಫಾ ಮಾತಿಲ್ಲದೆ ಮುಂದೆ ಹೋಗುತ್ತಿದ್ದಳು. ಪ್ರಾರ್ಥನೆಯಲ್ಲಿ ಅವಳು ಕೇಳಿದ್ದು ಹುಲ್ಡಾಳಿಗೆ ಕೇಡನ್ನಲ್ಲ. ಕೇಳಿದ್ದು ಒಂದೇ, ನಲವತ್ತನಾಲ್ಕು ವರ್ಷವೂ ಒಂದೇ: ಅವನು ನೀರಿಗೆ ಬೀಳುವಾಗ, ನಾನು ಒಪ್ಪಿದ್ದೇನೆಂದು ಅವನಿಗೆ ಗೊತ್ತಿತ್ತೇ?

*

ಊಟಕ್ಕೆ ಎಪ್ಪತ್ತು ಜನ ಇಳಿದು ಬಂದರು. ಹುಲ್ಡಾಳ ರಕ್ತಸಂಬಂಧವೆಂದರೆ ಮಿಲ್ವಾಕಿಯಿಂದ ಬಂದ ಸೋದರಳಿಯ ನಾರ್ಮನ್ ಒಬ್ಬನೇ. ಅವನು ಮುಂದಿನ ಮೇಜಿನಲ್ಲಿ, ಗುರುತಿಲ್ಲದವರು ಹೇಳುವ ಗುರುತಿನ ಮಾತಿಗೆಲ್ಲ ತಲೆಯಾಡಿಸುತ್ತ ಕೂತಿದ್ದ. ಹುಲ್ಡಾ ಕಲಿಸಿದ ಪಿಯಾನೋ ವಿದ್ಯಾರ್ಥಿಗಳು ತಮ್ಮ ಬೆರಳಿಗೆ ಬಿದ್ದ ಪೆನ್ಸಿಲ್ ಏಟುಗಳನ್ನು ಹೇಳಿಕೊಂಡು ನಗುತ್ತಿದ್ದರು. ಆರ್ಫಾ ಕಾಫಿಯ ಕೂಜ ಹಿಡಿದು ಮೇಜಿನಿಂದ ಮೇಜಿಗೆ ನಡೆದಳು.

ಕೊನೆಯ ಮೇಜಿನ ತುದಿಯಲ್ಲಿ ಒಬ್ಬ ಮುದುಕ ಒಂಟಿಯಾಗಿ ಕೂತಿದ್ದ. ದಪ್ಪ ಕನ್ನಡಕ, ಎಡಗಿವಿಯಲ್ಲಿ ಶ್ರವಣಯಂತ್ರ. ಊಟಕ್ಕೆ ಮುಂಚೆ ಹಣೆಗೂ ಎದೆಗೂ ಶಿಲುಬೆ ಗುರುತು ಮಾಡಿಕೊಂಡದ್ದನ್ನು ನೋಡಿ ಕ್ಯಾಥೊಲಿಕ್ ಎಂದು ಅವಳಿಗೆ ಗೊತ್ತಾಗಿತ್ತು. ಅವಳು ಕಾಫಿ ಬಗ್ಗಿಸುವಾಗ ಅವನು ಅವಳ ಮುಖವನ್ನು ದಿಟ್ಟಿಸಿ ನೋಡಿದ.

"ಟ್ವೇಟೆನ್ ಮನೆ ಆರ್ಫಾ ಅಲ್ವಾ ನೀವು?"

"ಈಗ ಬ್ರೆಕ್ಕೆ."

"ನಾನು ಮೈಲೊ ಹ್ರೂಸ್ಕಾ. ರೇಡಿಯೋದಲ್ಲಿ ಯಂತ್ರ ನೋಡ್ಕೋತಿದ್ದೆ. ನೀವು ಆವತ್ತು ಬೆಳಗ್ಗೆ ಬಂದಾಗ ಗಾಜಿನ ಆಚೆ ಇದ್ದೆ." ಅವನು ಸಕ್ಕರೆ ಹಾಕಿ ಕಲಕಿದ. "ಹುಲ್ಡಾ ನಿಮ್ಮ ವಿಷ್ಯ ಬಹಳ ಹೇಳೋರು."

ಆರ್ಫಾ ಕೂಜವನ್ನು ನೆಟ್ಟಗೆ ಹಿಡಿದಳು. "ನನ್ನ ವಿಷ್ಯ ಹೇಳೋಕೆ ಏನಿತ್ತು ಅವಳಿಗೆ?"

"ಅದೇ, ನೀವು ಬಾಯಿ ಬಿಡಲಿಲ್ಲ ಅನ್ನೋದು."

ಹಂಗಿಸುತ್ತಿದ್ದಾನೆಂದು ಅವಳಿಗೆ ಅನ್ನಿಸಿತು. ಸಾವಿನ ಮನೆಗೆ ಬಂದು ಹಂಗಿಸುವ ಗಂಡಸನ್ನು ಅವಳು ಹಿಂದೆ ಕಂಡಿರಲಿಲ್ಲ. ಆದರೆ ಅವನ ಮುಖದಲ್ಲಿ ಇದ್ದದ್ದು ಗೌರವ. ಅವನು ಪಕ್ಕದ ಕುರ್ಚಿ ಎಳೆದುಕೊಟ್ಟ. ನಲವತ್ತನಾಲ್ಕು ವರ್ಷ ಅಂದ್ರೆ ಸಾಮಾನ್ಯವೇ, ನಾನಾದ್ರೂ ಹೆಂಡತಿ ಹತ್ರ ಹೇಳಿಬಿಟ್ಟಿದ್ದೆ, ನೀವು ಗಂಡನ ಹತ್ರಾನೂ ಹೇಳ್ಲಿಲ್ಲವಂತೆ ಎಂದ.

"ಏನು ಹೇಳ್ಬೇಕಾಗಿತ್ತು ನಾನು?" ಎಂದಳು ಆರ್ಫಾ. ಕೂತಳು.

"ಹಾಡು ಹಾಕಿದ್ದು."

"ಹಾಕಲಿಲ್ಲ. ನಾನು ಮಧ್ಯಾಹ್ನದ ಮೇಳ ಕೊನೇವರೆಗೂ ಕೇಳಿದೆ. ಹಾಕಲಿಲ್ಲ."

ಮೈಲೊ ಚಮಚವನ್ನು ತಟ್ಟೆಯ ಮೇಲಿಟ್ಟ. ಶ್ರವಣಯಂತ್ರವನ್ನು ಬೆರಳಿನಿಂದ ಸರಿಮಾಡಿಕೊಂಡ, ತಪ್ಪು ಕೇಳಿಸಿಕೊಂಡವನ ಹಾಗೆ.

"ಹನ್ನೆರಡೂವರೆಗೆ ಹಾಕ್ಲಿಲ್ಲ," ಎಂದ ಅವನು ನಿಧಾನವಾಗಿ. "ಆಗ ರೈಲೇ ಬಂದಿರಲಿಲ್ಲ."

ಆಮೇಲೆ ಅವನು ಹೇಳಿದ್ದನ್ನು ಅವಳು ಕೂಜವನ್ನು ಮಡಿಲಲ್ಲಿಟ್ಟುಕೊಂಡೇ ಕೇಳಿದಳು. ಅಂದು ಬೆಳಿಗ್ಗೆ ಅವಳು ಮೆಟ್ಟಿಲಿಳಿದು ಹೋದ ಮೇಲೆ ಹುಲ್ಡಾ ಹಾಳೆಗಳ ಕಟ್ಟಿನಿಂದ ಆ ವಾಲ್ಟ್ಜನ್ನು ಹುಡುಕಿ ತೆಗೆದು ಸಾಬೂನಿನ ಮಟ್ಟಿನ ಕೆಳಗೆ ಇಟ್ಟುಕೊಂಡಳು. ಹನ್ನೆರಡೂವರೆಗೆ ಜಾಹೀರಾತಿನ ಹಿಂದೆ ಅದನ್ನೇ ಜಾರಿಸಿಬಿಡುವ ಯೋಚನೆ. ಹನ್ನೆರಡೂ ಹತ್ತಕ್ಕೆ ರೈಲ್ವೆ ಕಚೇರಿಯಿಂದ ಮೈಲೊನ ಅಣ್ಣ ಫೋನು ಮಾಡಿದ. ಅವನಿಗೆ ಅಲ್ಲಿ ತಂತಿಯ ಕೆಲಸ, ಆ ರೈಲಿನ ಮೇಲೆ ಕಣ್ಣಿಡಲು ಮೈಲೊ ಹೇಳಿದ್ದ. ಪಡುಗಡೆ ರಾತ್ರಿ ಮೋಡ ಒಡೆದು ಹಳ್ಳದ ಮೇಲಿನ ರೈಲುಕಟ್ಟೆ ಕೊಚ್ಚಿಹೋಗಿತ್ತು. ಸಿಪಾಯಿಗಳ ರೈಲನ್ನು ಹಿಂದಿನ ಊರಲ್ಲೇ ನಿಲ್ಲಿಸಿದ್ದರು. ಆಸ್ಟರ್ ಬೇಯಲ್ಲಿ ಒಂದು ಹನಿ ಬಿದ್ದಿರಲಿಲ್ಲ. ಮಳೆಯ ಸುದ್ದಿ ರೇಡಿಯೋದಲ್ಲಿ ಹೇಳುವಂತಿಲ್ಲ, ರೈಲಿನ ಸುದ್ದಿ ಹೇಳುವಂತಿಲ್ಲ. ಕಾರ್ಖಾನೆಗೆ ಫೋನು ಮಾಡಿ ಒಬ್ಬ ಹುಡುಗಿಗೆ ತಿಳಿಸುವುದಂತೂ ದೂರವೇ ಉಳಿಯಿತು.

"ಹುಲ್ಡಾ ಆ ಹಾಳೆ ಮೇಲೆ ಕೈ ಇಟ್ಕೊಂಡು ಸಾಬೂನಿನ ಮಟ್ಟು ಬಾರಿಸಿದ್ರು," ಎಂದ ಮೈಲೊ. "ನಾನು ನೋಡ್ತಿದ್ದೆ. ಆಮೇಲೆ ನಮ್ಮಣ್ಣ ಮತ್ತೆ ಫೋನು ಮಾಡೋವರೆಗೂ ಅವ್ರು ಬುತ್ತಿ ಮುಟ್ಟಲಿಲ್ಲ. ಬೇರೆ ಹಳಿ ಸುತ್ಕೊಂಡು ಎರಡೂ ಹತ್ತಕ್ಕೆ ರೈಲು ಜಂಕ್ಷನ್ನಿಗೆ ಬಂತು. ಸುದ್ದಿ ಓದೋರು ಇನ್ನೂ ಸಿಸಿಲಿ ಅಂತ ಏನೋ ಓದ್ತಿದ್ರು. ಇವರು ಕಾಯ್ಲಿಲ್ಲ. ಅವರ ಮಾತಿನ ಮೇಲೇ ಶುರು ಮಾಡಿದ್ರು."

"ಯಾವುದನ್ನ?"

"ನಿಮ್ಮ ವಾಲ್ಟ್ಜನ್ನ. ಮೂರು ಸಲ. ಮೊದಲನೇ ಸಲ ಮೆಲ್ಲಗೆ, ಎರಡನೇದು ಪೂರ್ತಿ, ಮೂರನೇದು... ಪಕ್ಕದ ಕೋಣೆಯಿಂದ ಮ್ಯಾನೇಜರು ಓಡಿಬಂದು ಗಾಜು ಬಡೀತಿದ್ರು. ಇವರು ಬಾರಿಸ್ತಾನೇ ಇದ್ರು. ರೈಲು ಎರಡು ಮೂವತ್ತೈದಕ್ಕೆ ಹೊರಡ್ತು. ಎರಡೂವರೆಗೆ ನಿಲ್ಲಿಸಿ ಆರ್ಗನ್ ಮುಚ್ಚಿದ್ರು."

ಸುತ್ತ ತಟ್ಟೆಗಳ ಸದ್ದು ನಡೆದೇ ಇತ್ತು. ಯಾರೋ ಕಾಫಿ ಎಂದು ಕೈಯೆತ್ತಿದರು. ಆರ್ಫಾ ನೋಡಲಿಲ್ಲ. ಎರಡೂ ಹತ್ತಕ್ಕೆ ಅವಳು ಗರಗಸದ ಮುಂದೆ, ಕಿವಿಯಲ್ಲಿ ಅರಳೆ ಇಟ್ಟುಕೊಂಡು ನಿಂತಿದ್ದಳು. ಹಜಾರಕ್ಕೂ ಗರಗಸಕ್ಕೂ ನಡುವೆ ಒಂದು ಗೋಡೆ. ಪಡುಗಡೆಯ ಹೊಲಗಳಿಗೆ ನೆರೆ ಬಂದದ್ದು ವಾರದ ಮೇಲೆ ಎಲ್ಲರ ಬಾಯಲ್ಲೂ ಇತ್ತು. ಅವಳ ಕಿವಿಗೂ ಬಿದ್ದಿತ್ತು. ಅದನ್ನು ಇದಕ್ಕೆ ಕೂಡಿಸಿ ನೋಡುವ ಮನಸ್ಸು ಅವಳಿಗಿರಲಿಲ್ಲ.

ಮ್ಯಾನೇಜರು ಹುಲ್ಡಾ, ಮೈಲೊ, ಸುದ್ದಿ ಓದುವವನು ಮೂವರನ್ನೂ ನಿಲ್ಲಿಸಿ ಆಣೆ ಹಾಕಿಸಿದನಂತೆ. ಹೊರಗೆ ಗೊತ್ತಾದರೆ ಸ್ಟೇಷನ್ನಿಗೇ ಬೀಗ. ಹುಲ್ಡಾ ಸೆರೆಮನೆಗೂ ಹೋಗಬಹುದು. ಯಾರೂ ಉಸಿರೆತ್ತಕೂಡದು.

"ಹಾಗಿದ್ರೆ ನನಗ್ಯಾಕೆ ಹೇಳಲಿಲ್ಲ ಅವಳು?" ಎಂದಳು ಆರ್ಫಾ. "ಯುದ್ಧ ಮುಗಿದ ಮೇಲಾದ್ರೂ? ವಾರವಾರ ಎದುರು ಸಿಗ್ತಿದ್ವಿ."

ಮೈಲೊ ಅವಳನ್ನು ನೋಡಿದ. ಅವನಿಗೂ ಈಗಷ್ಟೇ ಅರ್ಥವಾಗುತ್ತಿತ್ತು.

"ನೀವು ಕೇಳಿದ್ರಿ ಅಂತಲೇ ಅವರು ತಿಳ್ಕೊಂಡಿದ್ರಲ್ಲ. ಕಾರ್ಖಾನೇಲಿ ಇಡೀ ದಿನ ರೇಡಿಯೋ ಹಾಕಿರ್ತಾರೆ ಅಂತ ಊರಿಗೆಲ್ಲ ಗೊತ್ತು. ಆ ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ನೀವು ಎದುರಾದ್ರಂತೆ. ಮುಖಕ್ಕೆ ಮುಖ ಕೊಟ್ಟು ನೋಡಿ, ಒಂದು ಮಾತಿಲ್ಲದೆ ಹೋದ್ರಂತೆ. ಸೋಮವಾರ ಬಂದು ನನಗೆ ಹೇಳಿದ್ರು: ಎಂಥ ಗಟ್ಟಿ ಹುಡುಗಿ ಮೈಲೊ, ಮುಖದ ಒಂದು ಗೆರೆ ಅಲುಗಲಿಲ್ಲ, ನನ್ನನ್ನ ಕಾಪಾಡ್ತಿದ್ದಾಳೆ ಅಂತ."

"ಕಾಪಾಡೋದು," ಎಂದಳು ಆರ್ಫಾ.

"ಮದುವೆಗೆ ಆರ್ಗನ್ ಬೇಡ ಅಂದ್ರಂತೆ ನೀವು. ಅದಕ್ಕೂ ಹಾಗೇ ಅಂದ್ರು. ನಮ್ಮಿಬ್ಬರನ್ನ ಒಟ್ಟಿಗೆ ನೋಡಿದ್ರೆ ಯಾರಿಗಾದ್ರೂ ಅನುಮಾನ ಬಂದೀತು ಅಂತ ಹೀಗೆ ಮಾಡಿದ್ದಾಳೆ, ಬಲು ಸೂಕ್ಷ್ಮ ಅಂತ. ನಾನೇ ಒಂದ್ಸಲ ಕೇಳ್ದೆ: ಯುದ್ಧ ಮುಗಿದು ಇಪ್ಪತ್ತು ವರ್ಷ ಆಯ್ತು, ಈಗಲಾದ್ರೂ ಹೋಗಿ ಮಾತಾಡಿಸಿ ಅಂತ. ಅವಳು ಇಷ್ಟು ವರ್ಷ ಉಳಿಸ್ಕೊಂಡು ಬಂದಿರೋದನ್ನ ನಾನು ಹೋಗಿ ಕೆಡಿಸಲಾ ಅಂದ್ರು. ತಲೆದೂಗ್ತೀನಿ, ಅವಳಿಗೆ ಅರ್ಥ ಆಗತ್ತೆ ಅಂದ್ರು."

ಆರ್ಫಾಳ ಬಾಯಿಂದ ಒಂದು ಸದ್ದು ಹೊರಟಿತು. ನಗುವಿನ ಹಾಗೆ ಶುರುವಾಗಿ ನಗುವಾಗದೆ ನಿಂತಿತು. ಅಡುಗೆಮನೆಯ ಕಿಂಡಿಯಿಂದ ಲೆನೋರ್ ಕತ್ತೆತ್ತಿ ನೋಡಿದಳು. ಬೇರೆ ಜನರಾಗಿದ್ದರೆ ಒಂದು ದಿನ ಬಯ್ದಾಡಿಕೊಂಡು, ಅತ್ತು, ಸಂಜೆಗೆ ಕಾಫಿ ಕುಡಿಯುತ್ತಿದ್ದರು. ಇವರಿಬ್ಬರೂ ಮಾತಾಡದ ಮನೆಗಳಲ್ಲಿ ಹುಟ್ಟಿದವರು. ಒಬ್ಬಳ ಮೌನ ಸಿಟ್ಟು, ಇನ್ನೊಬ್ಬಳ ಮೌನ ಅಕ್ಕರೆ. ದೂರದಿಂದ ನೋಡಿದವರಿಗೆ ಎರಡೂ ಒಂದೇ ಥರ ಕಂಡವು. ಹತ್ತಿರದಿಂದ ನೋಡಿದ ಅವರಿಗೂ ಹಾಗೇ ಕಂಡವು.

ಕೂಜವನ್ನು ಮೇಜಿನ ಮೇಲಿಟ್ಟು ಅವಳು ಕೇಳಬೇಕಾದ್ದನ್ನು ಕೇಳಿದಳು. "ಅವನಿಗೆ ಕೇಳಿಸ್ತಾ?"

"ಅದು ನನಗೊತ್ತಿಲ್ಲ," ಎಂದ ಮೈಲೊ. "ಕಾಫಿ ಕೊಡ್ತಿದ್ದ ಹೆಂಗಸೊಬ್ಬಳು ನಮ್ಮಣ್ಣನ ಹತ್ರ ಹೇಳಿದಳಂತೆ: ಆರ್ಗನ್ ಬಂದ ಕೂಡಲೇ ಹುಡುಗರು ಹುಡುಗರೇ ಕೈಕೈ ಹಿಡ್ಕೊಂಡು ಪ್ಲಾಟ್‌ಫಾರಮ್ಮಿನ ಕೆಸರಲ್ಲೇ ಕುಣಿದರು ಅಂತ. ನನಗೆ ಗೊತ್ತಿರೋದು ಅಷ್ಟೇ."

ಐನಾರ್‌ಗೆ ಕುಣಿಯಲು ಬರುತ್ತಿರಲಿಲ್ಲ. ಕುಣಿತದ ಮನೆಗಳಲ್ಲಿ ಅವನು ಗೋಡೆಗೊರಗಿ, ಟೋಪಿಯನ್ನು ಕೈಯಲ್ಲಿ ಹಿಡಿದು ನಿಂತು ಕೇಳುವವನು. ಆರ್ಫಾ ಕಣ್ಣು ಮುಚ್ಚಲಿಲ್ಲ. ಕಣ್ಣು ತೆರೆದುಕೊಂಡೇ ಅವಳು ಮೇಜಿನ ಮೇಲಿನ ಬಿಳಿಯ ಹಾಸನ್ನೂ ಉಪ್ಪಿನ ಕುಡಿಕೆಯನ್ನೂ ದಾಟಿ ಆ ಪ್ಲಾಟ್‌ಫಾರಮ್ಮಿನವರೆಗೆ ಹೋದಳು. ಕೆಸರು. ಕುಣಿಯುವ ಬೂಟುಗಳು. ಅವುಗಳ ಆಚೆ ಒಂದು ಕಂಬ, ಕಂಬದ ಮೇಲೆ ಧ್ವನಿವರ್ಧಕ. ಕಂಬದ ಬುಡದಲ್ಲಿ ಯಾರೋ ಕುಣಿಯದೆ ನಿಂತಿರಬೇಕು. ಮುಖ ಕಾಣಲಿಲ್ಲ. 'ಇದ್ದಾನೆ' ಎಂದು ಹೇಳುವವರು ಯಾರೂ ಉಳಿದಿರಲಿಲ್ಲ. 'ಇರಲಿಲ್ಲ' ಎಂದು ಹೇಳುವವರೂ ಇರಲಿಲ್ಲ.

"ಕಾಫಿ ಆರಿ ಹೋಯ್ತು ನಿಮ್ಮದು," ಎಂದಳು ಮೈಲೊಗೆ. ಹೊಸದಾಗಿ ಬಗ್ಗಿಸಿ ಎದ್ದಳು.

*

ಎರಡು ಗಂಟೆಗೆ ಕಾರುಗಳು ಸಾಲಾದವು. ಆರ್ಫಾ ಹಿಂಬಾಗಿಲಿನಿಂದ ಹೊರಗೆ ಬಂದಳು. ಎಡಕ್ಕೆ ತಿರುಗಿದರೆ ಮನೆ. ಸ್ವಲ್ಪ ಹೊತ್ತು ಕಸದ ಡಬ್ಬಿಗಳ ಪಕ್ಕದಲ್ಲೇ ನಿಂತಳು. ಲೆನೋರ್ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು, ತೊಳೆಯೋದು ನಾವು ನೋಡ್ಕೋತೀವಿ, ನೀನು ಹೋಗಿ ಮಲಕ್ಕೋ, ಮುಖ ಸುಣ್ಣ ಆಗಿದೆ ಎಂದಳು.

"ಗುಡ್ಡಕ್ಕೆ ಹೋಗ್ತೀನಿ," ಎಂದಳು ಆರ್ಫಾ.

"ಹುಲ್ಡಾನ ಮಣ್ಣು ಮಾಡೋಕಾ?"

ಅವಳು ಬಲಕ್ಕೆ ತಿರುಗಿದಳು.

ಸಮಾಧಿಯ ಗುಡ್ಡ ಅರ್ಧ ಮೈಲಿ. ನಡೆದು ತಲುಪುವಷ್ಟರಲ್ಲಿ ಎಲ್ಲರೂ ಗುಂಡಿಯ ಸುತ್ತ ನೆರೆದಿದ್ದರು. ಪಂಪು ನಿಲ್ಲಿಸಿದ್ದರು, ಅದರ ಕೊಳವೆ ಹುಲ್ಲಿನ ಮೇಲೆ ಬಾಯಿ ತೆರೆದು ಬಿದ್ದಿತ್ತು. ಸರೋವರದ ಕಡೆಯಿಂದ ಗಾಳಿ ತಣ್ಣಗೆ ಬೀಸುತ್ತಿತ್ತು. ಗುಂಡಿಯ ಪಕ್ಕದಲ್ಲಿ ಹತ್ತಿರದ ನೆಂಟರಿಗೆಂದು ಹಸಿರು ಬಟ್ಟೆ ಹೊದಿಸಿದ ಐದು ಕುರ್ಚಿಗಳನ್ನು ಒಂದೇ ಸಾಲಿನಲ್ಲಿ ಇಟ್ಟಿದ್ದರು. ನಡುವಿನದರಲ್ಲಿ ನಾರ್ಮನ್ ಒಬ್ಬನೇ. ಅವನ ಎರಡೂ ಕಡೆ ಖಾಲಿ. ಉಳಿದ ಊರೆಲ್ಲ, ಹುಲ್ಡಾಳನ್ನು ಬಾಲ್ಯದಿಂದ ಬಲ್ಲವರೂ, ಮೈಲೊನೂ, ಮರ್ಯಾದೆಯಿಂದ ನಾಲ್ಕು ಹೆಜ್ಜೆ ಹಿಂದೆ ನಿಂತಿದ್ದರು. ಆ ಕುರ್ಚಿಗಳಿಗೆ ಹೋಗಿ ಕೂರುವ ಧೈರ್ಯ ಆ ಊರಲ್ಲಿ ಯಾರಿಗೂ ಇಲ್ಲ.

ಆರ್ಫಾ ಜನರ ನಡುವೆ ದಾರಿ ಮಾಡಿಕೊಂಡು ಮುಂದೆ ಬಂದಳು. ಪಾದ್ರಿ ತೆರೆಯಲಿದ್ದ ಪುಸ್ತಕವನ್ನು ಬೆರಳಿಟ್ಟು ಮುಚ್ಚಿಕೊಂಡರು. ಅವಳು ನಾರ್ಮನ್‌ನ ಬಲಗಡೆಯ ಕುರ್ಚಿಯ ಬೆನ್ನು ಹಿಡಿದು ನಿಂತಳು. ಅವನು ಗಡಬಡಿಸಿ ಎದ್ದ.

"ನಮ್ಮತ್ತೆಗೆ ನೀವು ಏನಾಗ್ಬೇಕು?" ಎಂದು ಮೆಲ್ಲಗೆ ಕೇಳಿದ.

ಆರ್ಫಾ ಪೆಟ್ಟಿಗೆಯ ಕಡೆ ನೋಡಿದಳು. ಸರಿಯಾದ ಪದಕ್ಕೆ ಅವಳು ತಡಕಾಡುವುದು ಎಲ್ಲರಿಗೂ ಕಾಣುತ್ತಿತ್ತು.

"ನಾವಿಬ್ರೂ ಮಾತಾಡ್ತಿರಲಿಲ್ಲ," ಎಂದಳು.

ನಾರ್ಮನ್‌ಗೆ ಏನು ತಿಳಿಯಿತೋ, ಸರಿದು ಜಾಗ ಬಿಟ್ಟ. ಬಟ್ಟೆಯ ಮೇಲೆ ರಾತ್ರಿಯ ಮಳೆ ಇನ್ನೂ ನಿಂತಿತ್ತು. ಅವಳು ಅದನ್ನು ಒರೆಸಲಿಲ್ಲ. ಊರೆಲ್ಲ ನೋಡುತ್ತಿದ್ದಂತೆ, ಕೋಟಿನ ಕೆಳಗೆ ಕಾಫಿಯ ಕಲೆಯಾದ ಏಪ್ರನ್ನಿನ ಅಂಚು ಗಾಳಿಗೆ ಪಟಪಟಿಸುತ್ತಿರಲು, ಆರ್ಫಾ ಬ್ರೆಕ್ಕೆ ನೆಂಟರ ಸಾಲಿನ ಒದ್ದೆ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಳು.